ಕಬ್ಬನ್ ಪಾರ್ಕಿನಲ್ಲಿ ಹಾಕಿದ ಕೂ

ಮಿಡಿ ಉಪ್ಪಿನಕಾಯಿಯ ವಾಸನೆ ಬಂದರೆ ಬೇರೆಯವರಿಗೆ ಹಸಿವಾಗುತ್ತದೆ. ನನಗೆ ಬೆಂಗಳೂರು ನೆನಪಾಗುತ್ತದೆ.

ಹೋದ ವಾರ ಶಿರಾಳಕೊಪ್ಪದ ಸಂತೆಯಲ್ಲಿ ಎತ್ತಿಗೆ ಮೂಗುದಾರ ನೋಡುತ್ತ ನಿಂತಿದ್ದೆ. ಪಕ್ಕದಲ್ಲಿ ಸೊರಬದ ಕಡೆಯ ಒಬ್ಬ ಮುದುಕಿ ಭರಣಿಯ ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿದಳು. ವಾಸನೆ ಬಂತು. ಸಂತೆ ಕಾಣದೇ ಹೋಯಿತು. ಹಿತ್ತಾಳೆ ತುತ್ತೂರಿ ಕಂಡಿತು, ಬಿದಿರು ಮೆಳೆ ಕಂಡಿತು, ಒಬ್ಬ ಪೊಲೀಸಿನವನ ಮೀಸೆ ಕಂಡಿತು.

"ಮೂಗುದಾರ ಎತ್ತಿಗೇನ್ರಿ, ನಿಮಗೇನ್ರಿ? ಹಿಡ್ಕಂಡು ಎಷ್ಟೊತ್ತಾತು!" ಅಂದ ಅಂಗಡಿಯವನು.

ಕೊಂಡುಕೊಂಡು ಬಂದೆ. ಆ ಬೇಸಿಗೆ ಮಾತ್ರ ತಲೆಯಿಂದ ಇಳಿಯಲಿಲ್ಲ.

ಎರಡು ವರ್ಷದ ಹಿಂದಿನ ಮಾತು. ಮಾಘದಲ್ಲಿ ನನ್ನ ಮದುವೆಯಾಗಿತ್ತು. ಹುಡುಗಿ ಚಂದ್ರಗುತ್ತಿಯ ಕಡೆಯವಳು, ಹೆಸರು ರೇಣುಕಾ. ಅವರದು ಸೊರಬ ತಾಲೂಕು, ಗುಡ್ಡ, ಕಾಡು. ನಮ್ಮದು ಶಿಕಾರಿಪುರ ತಾಲೂಕು, ಬಯಲು. ಅವರ ಕಡೆ ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಹಳ್ಳವೋ ಮರಗಳೋ ಇರುತ್ತವೆ. ಹೆಸರು ಹಿಡಿದು ಕರೆದರೆ ಕೇಳುವುದಿಲ್ಲ. ಅದಕ್ಕೆ ಕೈಯನ್ನು ಬಾಯಿಗೆ ಅಡ್ಡ ಹಿಡಿದು "ಕೂ" ಎಂದು ಉದ್ದಕ್ಕೆ ಎಳೆಯುತ್ತಾರೆ. ಕೇಳಿಸಿಕೊಂಡವರು ತಿರುಗಿ "ಕೂ" ಹಾಕಬೇಕು. ಕಾಡಿನಲ್ಲಿ ದಾರಿ ತಪ್ಪಿದರೂ ಅದೇ. ತಪ್ಪಿಸಿಕೊಂಡವರು ನಿಂತಲ್ಲೇ ನಿಂತು ಕೂ ಹಾಕುತ್ತಾರೆ, ಹುಡುಕುವವರು ಕೂ ಹಾಕುತ್ತ ಹೋಗುತ್ತಾರೆ. ಗಂಡಸು, ಹೆಂಗಸು ಅಂತ ಇಲ್ಲ. ಎಲ್ಲರೂ ಹಾಕುತ್ತಾರೆ.

ನಮ್ಮ ಬಯಲಿನಲ್ಲಿ ಹೆಂಗಸರು ಹಾಗೆ ಕೂಗುವುದಿಲ್ಲ. ಇದು ರೇಣುಕಾಗೆ ಗೊತ್ತಿರಲಿಲ್ಲ. ಬಂದ ಹೊಸತರಲ್ಲಿ ಹೊಲಕ್ಕೆ ರೊಟ್ಟಿ ತಂದಳು. ನಾವು ಆ ತುದಿಯಲ್ಲಿ ಬೇಲಿ ಕಟ್ಟುತ್ತಿದ್ದೆವು. ಈ ತುದಿಯ ಬದುವಿನ ಮೇಲೆ ಬುಟ್ಟಿ ಇಳಿಸಿ, ಕೈ ಎತ್ತಿ, ಒಂದು ಕೂ ಹಾಕಿದಳು. ಅಬ್ಬಾ, ಎಂಥ ಗಂಟಲು! ಬೇಲಿಯ ಮೇಲಿನ ಹಕ್ಕಿಗಳೆಲ್ಲ ಎದ್ದವು. ನನ್ನ ಚಿಕ್ಕಪ್ಪನ ಮಗ ಬಸಣ್ಣ ಕುಡುಗೋಲು ಕೆಳಗೆ ಹಾಕಿ ಹೊಟ್ಟೆ ಹಿಡಿದುಕೊಂಡು ನಕ್ಕ.

"ಹಾಲೇಶ, ನಿನ್ನ ನರಿ ಕರಿಯಾಕ ಹತ್ತೈತಿ, ಹೋಗಲೇ!"

ಅಲ್ಲಿದ್ದವರೆಲ್ಲ ನಕ್ಕರು. ನನ್ನ ಅವ್ವ ನಗಲಿಲ್ಲ. ಮನೆಗೆ ಬಂದು ಅಂಗಳದಲ್ಲೇ ಶುರು ಮಾಡಿದಳು. "ಹೆಣ್ಮಕ್ಳು ಹಿಂಗ ಒದರ್ತಾರೇನು? ನಾಕು ಮಂದಿ ಏನಂತಾರ?" ನಾನೂ ಬಸಣ್ಣನ ಮೇಲಿನ ಸಿಟ್ಟನ್ನು ಅವಳ ಮೇಲೆ ಹಾಕಿ, "ಇನ್ನೊಂದ್ಸಲ ಕೂಗ್ಬ್ಯಾಡ" ಅಂದೆ. ಅವಳು ಕೂಗಲಿಲ್ಲ. ಕೂಗುವುದನ್ನಷ್ಟೇ ಅಲ್ಲ, ಮಾತನ್ನೂ ಬಿಟ್ಟಳು. ಕೇಳಿದರೆ ಹೂಂ, ಇಲ್ಲದಿದ್ದರೆ ಅದೂ ಇಲ್ಲ. ಮನೆ ತುಂಬ ಜನ. ಅವಳ ಹತ್ತಿರ ಕೂತು ಒಂದು ಮಾತಾಡಲು ಜಾಗವೂ ಇರಲಿಲ್ಲ, ನನಗೆ ಬರುತ್ತಲೂ ಇರಲಿಲ್ಲ.

ಯುಗಾದಿ ಕಳೆದ ಮೇಲೆ ಒಂದು ದಿನ ಹುಣಸೆಹಣ್ಣು ಬಡಿಯುತ್ತಿದ್ದೆವು. ನಾನು ಮರದ ಮೇಲೆ, ಅವಳು ಕೆಳಗೆ ಆಯುತ್ತಿದ್ದಳು. ತಲೆ ಎತ್ತದೆ ಹೇಳಿದಳು.

"ಆಷಾಢಕ್ಕೆ ತವರಿಗೆ ಹೋಗ್ತೀನಲ್ಲ. ಆಮೇಲೆ ನಾ ಬರೂದಿಲ್ಲ."

ಮದುವೆಯಾದ ಮೊದಲ ಆಷಾಢದಲ್ಲಿ ಸೊಸೆ ತವರಿನಲ್ಲಿರಬೇಕು. ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದು ಅಂತ ಪದ್ಧತಿ. ಶ್ರಾವಣ ಬಂದ ಮೇಲೆ ತಿರುಗಿ ಬರುತ್ತಾರೆ. ಇವಳು ಬರುವುದಿಲ್ಲ ಅನ್ನುತ್ತಿದ್ದಾಳೆ.

"ಯಾಕ?" ಅಂದೆ.

"ಇಲ್ಲಿ ಬಾಯಿ ಇದ್ದೂ ಇಲ್ಲದ ಹಾಗೆ ಇರಬೇಕು. ನಂಗೆ ಆಗೂದಿಲ್ಲ."

ಜಗಳದ ದನಿ ಅಲ್ಲ. ಹಣ್ಣು ಇಷ್ಟಾಯಿತು ಅನ್ನುವ ಹಾಗೆ ಹೇಳಿದಳು. ಅದಕ್ಕೇ ನನಗೆ ಹೆದರಿಕೆಯಾಯಿತು.

ಆ ವಾರವೇ ಪುಟ್ಟಪ್ಪ ಮಾವ ಬಂದ. ಅವ್ವನ ತಮ್ಮ. ಬೆಂಗಳೂರಿನಲ್ಲಿ ರೈಲು ನಿಲ್ದಾಣದ ಹತ್ತಿರ ಒಂದು ಛತ್ರ ಕಾಯುವ ಕೆಲಸ ಅವನದು. ಊಟಕ್ಕೆ ಕೂತು, ಅಲ್ಲಿಯ ಲೈಟು, ರಸ್ತೆ, ಹೊಸದಾಗಿ ಕಟ್ಟಿದ ಸೌಧ, ಎಲ್ಲ ಹೇಳುತ್ತಿದ್ದ. ಬಡಿಸುತ್ತಿದ್ದ ರೇಣುಕಾ ಸೌಟು ಹಿಡಿದು ನಿಂತೇಬಿಟ್ಟಳು.

"ಅಲ್ಲಿ ಸಂಜೆ ತೋಟದಲ್ಲಿ ವಾದ್ಯ ಬಾರಿಸ್ತಾರಂತೆ, ಹೌದಾ ಮಾವ? ಯಾರಾದ್ರೂ ಹೋಗಿ ಕೇಳ್ಬಹುದಂತೆ?"

ವಾರಗಟ್ಟಲೆ ಆಗಿತ್ತು ಅವಳ ಬಾಯಿಂದ ಅಷ್ಟು ಉದ್ದದ ಮಾತು ಬಂದು. ನಾನು ಅನ್ನ ಬಿಟ್ಟು ಅವಳ ಮುಖ ನೋಡಿದೆ. ಮಾವ, "ಹೌದವ್ವ, ಬಾ ನೀನೂ. ಮಲಗಾಕ ನನ್ನ ಮೂಲೆ ಐತಿ. ಅಕ್ಕಿ ನಿಮ್ದು, ಒಲೆ ನಂದು" ಅಂದ.

ನನ್ನ ಪಾಲಿನ ಹುಣಸೆಹಣ್ಣು ಶಿರಾಳಕೊಪ್ಪಕ್ಕೆ ಹೊತ್ತೆ. ಬಂದ ದುಡ್ಡು ಬಸ್ಸು, ರೈಲಿಗೆ ಆಗಿ ಸ್ವಲ್ಪ ಮಿಕ್ಕುವ ಹಾಗಿತ್ತು. ಅಷ್ಟು ಸಾಕು ಅನ್ನಿಸಿತು. ಅವ್ವ ಬೈದಳು. "ಮಳಿ ಹತ್ತಿರ ಬಂತು. ಹೊಲ ಹರಗೋದು ಬಿಟ್ಟು ಊರು ನೋಡಾಕ ಹೊಂಟಾನ ದೊರಿ." ಆದರೂ ತಮ್ಮನಿಗೆ ಅಂತ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿದಳು. ರೇಣುಕಾ ತವರಿಂದ ಬಂದಿದ್ದ ಮಿಡಿ ಉಪ್ಪಿನಕಾಯಿಯ ಭರಣಿ ಎತ್ತಿಕೊಂಡಳು. "ನನ್ ತಮ್ಮಗ ಆ ಹುಳಿ ಆಗಾಂಗಿಲ್ಲ" ಅಂದಳು ಅವ್ವ. ರೇಣುಕಾ ಭರಣಿಗೆ ಇನ್ನೊಂದು ಬಟ್ಟೆ ಸುತ್ತಿದಳು.

ಆ ಭರಣಿಯೇ ಬೆಂಗಳೂರಿನಲ್ಲಿ ನಮ್ಮನ್ನು ಸಾಕಿತು. ಮಾವ ಒಂದು ಮಿಡಿ ಕಚ್ಚಿ ಕಣ್ಣು ಮುಚ್ಚಿಕೊಂಡ. "ಎಷ್ಟು ವರ್ಷ ಆತು!" ಅಂದ. ಅಕ್ಕನ ರೊಟ್ಟಿ ಆಮೇಲೆ ಬಿಚ್ಚಿದ. ಛತ್ರದ ಅಡಿಗೆಯವನು ಮಿಡಿಗೆ ಬದಲು ಸಾರು ಕೊಟ್ಟ. ಪಕ್ಕದ ಕೋಣೆಗೆ ಇಳಿದಿದ್ದ ಮೈಸೂರಿನ ಹೆಂಗಸು ಎರಡು ಮಿಡಿಗೆ ಒಂದು ಮೊಳ ಮಲ್ಲಿಗೆ ಕೊಟ್ಟಳು. ರೇಣುಕಾ ಮುಡಿದಳು. ಮಾತು ಇನ್ನೂ ಕಡಿಮೆಯೇ.

ಮೊದಲ ದಿನ ಬೆಳಿಗ್ಗೆ ಮಾವ ನಮ್ಮನ್ನು ಬಾಗಿಲಲ್ಲಿ ನಿಲ್ಲಿಸಿ ಬುದ್ಧಿ ಹೇಳಿದ. "ನೋಡ್ರಿ, ಬೆಂಗಳೂರಾಗ ನೋಡಾಕ ದುಡ್ಡಿಲ್ಲ, ಕೂರಾಕ ದುಡ್ಡು. ಎಲ್ಲೂ ಕೂರಬ್ಯಾಡ್ರಿ. ನಡೀರಿ."

ನಡೆದೆವು. ನಾನು ಮುಂದೆ, ಅವಳು ಹಿಂದೆ. ಊರಿನಲ್ಲಿ ನಡೆಯುವುದೇ ಹಾಗೆ. ಬದುವಿನ ಮೇಲೆ ಇಬ್ಬರು ಜೊತೆಗೆ ನಡೆಯಲು ಆಗುವುದಿಲ್ಲ. ಗಂಡ ಮುಂದೆ, ಹೆಂಡತಿ ಹಿಂದೆ. ತಿರುಗಿ ನೋಡುವ ಹಾಗೂ ಇಲ್ಲ. ನೋಡಿದರೆ, "ಹೆಂಡ್ತಿ ಅದಾಳೋ ಓಡಿ ಹೋಗ್ಯಾಳೋ ನೋಡ್ಕೊಳ್ಳಲೇ" ಅಂತ ಬಸಣ್ಣನಂಥವರು ಕಾಡುತ್ತಾರೆ. ಬೆಂಗಳೂರಿನ ರಸ್ತೆ ಐದು ಗಾಡಿ ಒಟ್ಟಿಗೆ ಹೋಗುವಷ್ಟು ಅಗಲ. ನನ್ನ ಕಾಲಿಗೆ ಅದೂ ಬದುವೇ.

ಸೌಧ ನೋಡಿದೆವು. ಅಷ್ಟು ಕಲ್ಲನ್ನು ನಾನು ನಮ್ಮ ಕೆರೆ ಏರಿಯಲ್ಲೂ ನೋಡಿಲ್ಲ. ರೇಣುಕಾ ಕತ್ತು ಎತ್ತಿ ಮೇಲಿನ ತನಕ ನೋಡಿ, "ಹಂಚೇ ಕಾಣೂದಿಲ್ಲ. ಮಳೆ ಜೋರಾದ್ರೆ ಎಂಥ ಮಾಡ್ತಾರೆ?" ಅಂದಳು. ನನಗೂ ಗೊತ್ತಿರಲಿಲ್ಲ. ಲಾಲ್‌ಬಾಗಿನಲ್ಲಿ ಗಾಜಿನ ಮನೆ ನೋಡಿದೆವು. ಅಲ್ಲಿಯ ಬಂಡೆ ಹತ್ತಿ ಊರೆಲ್ಲ ನೋಡಿದೆವು. ಅದಕ್ಕೂ ದುಡ್ಡಿಲ್ಲ. ಒಂದು ಹೋಟೆಲಿನಲ್ಲಿ ಮಾವನ ಮಾತು ಮೀರಿ ಕೂತೆವು. ಒಂದು ದೋಸೆ, ಒಂದು ಕಾಫಿ. ತಂದವನು, "ಇಬ್ಬರಿಗೂ ಇದೇನಾ?" ಅಂದ. "ಹೌದು, ಎರಡು ಎಲೆ ಕೊಡು" ಅಂದೆ. ಅವನು ಒಂದೇ ತಟ್ಟೆ ಇಟ್ಟು ಹೋದ. ಮದುವೆಯ ಊಟದ ಮೇಲೆ ನಾವಿಬ್ಬರೂ ಒಂದೇ ತಟ್ಟೆಯಲ್ಲಿ ತಿಂದಿರಲಿಲ್ಲ. ಅವಳು ದೋಸೆಯ ಗರಿಗರಿ ಅಂಚನ್ನು ನನ್ನ ಕಡೆ ತಿರುಗಿಸಿದಳು. ನಾನು ಒಳಗಿನ ಪಲ್ಯವನ್ನು ಅವಳ ಕಡೆ ತಳ್ಳಿದೆ.

ದೊಡ್ಡ ಮಾರ್ಕೆಟ್ಟಿನಲ್ಲಿ ಅವಳು ಬೇರೆಯೇ ಆದಳು. ಕೊಳ್ಳಲು ಆಗದಿದ್ದರೆ ಏನು, ರೇಟು ಕೇಳಲು ಅಡ್ಡಿಯಿಲ್ಲ ಅನ್ನುವುದು ಅವಳಿಗೆ ಹೊಳೆಯಿತು. ದ್ರಾಕ್ಷಿ ಎಷ್ಟು, ಕೋಸು ಎಷ್ಟು, ಬೆಳ್ಳುಳ್ಳಿ ಎಷ್ಟು. ಕೇಳುವುದು, ಬಾಯಿ ಮೇಲೆ ಕೈ ಇಡುವುದು, ಮುಂದೆ ಹೋಗುವುದು. ಒಬ್ಬ ತರಕಾರಿಯವನು ರೇಗಿದ. "ತಗಳ್ಳೋದಿಲ್ಲ ಅಂದ್ಮೇಲೆ ಯಾಕಮ್ಮ ಕೇಳ್ತೀಯ?"

"ಊರಿಗೆ ಹೋಗಿ ಹೇಳಕೆ" ಅಂದಳು.

ಒಂದು ಕಡೆ ಮಾವಿನ ಮಿಡಿ ಇಟ್ಟಿದ್ದರು. ಬಾಡಿ ಸುಕ್ಕಾಗಿದ್ದವು. ರೇಟು ಕೇಳಿದಳು. ಅವನು ಹೇಳಿದ್ದೇ ತಡ, ನಕ್ಕಳು. ಸಣ್ಣ ನಗು ಅಲ್ಲ, ಕಣ್ಣಲ್ಲಿ ನೀರು ಬರುವಂಥ ನಗು. "ನಮ್ಮಪ್ಪಂಗೆ ಈ ರೇಟು ಹೇಳಿದ್ರೆ ಹಳ್ಳದ ಮಾವಿನ ಮರಕ್ಕೆ ಕಾವಲು ಹಾಕ್ತಾರೆ!" ಅಂದಳು. ಮದುವೆಯಾದ ಮೇಲೆ ಅವಳು ನಕ್ಕಿದ್ದನ್ನು ನಾನು ಕೇಳಿದ್ದು ಆಗಲೇ. ಇಷ್ಟೇ ಸಾಕು, ಇನ್ನು ಶ್ರಾವಣಕ್ಕೆ ಬಂದೇ ಬರುತ್ತಾಳೆ ಅಂದುಕೊಂಡೆ. ಅವಸರದ ಮನುಷ್ಯ ನಾನು.

ಭಾನುವಾರ ಸಂಜೆ ಕಬ್ಬನ್ ಪಾರ್ಕಿಗೆ ಹೋದೆವು. ಬ್ಯಾಂಡು ಇತ್ತು. ಮರುದಿನ ಊರಿಗೆ ಹೊರಡುವುದು. ಪಾರ್ಕಿನ ತುಂಬ ಜನ. ಗಂಡ ಹೆಂಡತಿ ಮಕ್ಕಳು ಸಾಲಾಗಿ ಅಲ್ಲ, ಅಕ್ಕಪಕ್ಕ ನಡೆಯುತ್ತಿದ್ದರು. ನಾನು ನನ್ನ ನಡಿಗೆಯಲ್ಲಿ ಮುಂದೆ ಹೊರಟಿದ್ದೆ. ಮುಖ ಮುಂದೆ ಇಟ್ಟುಕೊಂಡೇ ಹೇಳುತ್ತ ಹೋದೆ. "ಆ ಕೆಂಪು ಕಟ್ಟಡ ಕೋರ್ಟಂತೆ. ಆ ಮರ ನೋಡು, ಎಷ್ಟು ದಪ್ಪ." ಹಿಂದಿನಿಂದ ಉತ್ತರ ಇಲ್ಲ. ಅವಳು ಉತ್ತರ ಕೊಡುವವಳಲ್ಲ, ಅದಕ್ಕೆ ನನಗೇನೂ ಅನ್ನಿಸಲಿಲ್ಲ. ಬ್ಯಾಂಡಿನ ಮಂಟಪ ಬಂತು. "ಇಲ್ಲೇ ನಿಂತ್ಕಳಣ" ಅಂತ ತಿರುಗಿದೆ. ಹಿಂದೆ ಯಾರೋ ಕೋಟು ಹಾಕಿದ ಮುದುಕರು ಇದ್ದರು. ಅವಳಿರಲಿಲ್ಲ.

ಬಂದ ದಾರಿಯಲ್ಲಿ ಓಡಿದೆ. ಅಲ್ಲಿ ದಾರಿ ಒಂದಲ್ಲ, ಸುತ್ತಿ ಸುತ್ತಿ ಹತ್ತು ಕಡೆ ಹೋಗುತ್ತವೆ. ಅವಳ ಕೈಯಲ್ಲಿ ಕಾಸಿಲ್ಲ. ಛತ್ರದ ಹೆಸರು ನಾನು ಅವಳಿಗೆ ಹೇಳಿರಲಿಲ್ಲ. ಹೇಳಬೇಕು ಅಂತಲೇ ಅನ್ನಿಸಿರಲಿಲ್ಲ, ಹಿಂದೆ ಬರುತ್ತಾಳಲ್ಲ. ಹುಣಸೆಮರದ ಕೆಳಗೆ ಅವಳು ಹೇಳಿದ ಮಾತು ಎದೆಗೆ ಬಂದು ಕೂತಿತು. ಅವಳು ಬರುವುದಿಲ್ಲ ಅಂದಿದ್ದು ಹೀಗಾ?

ಒಬ್ಬ ಪೊಲೀಸಿನವನು ನಿಂತಿದ್ದ. ದೊಡ್ಡ ಮೀಸೆ.

"ಸಾಮಿ, ನನ್ ಹೆಂಡ್ತಿ ತಪ್ಪಿಸ್ಕಂಡಾಳ."

"ಸೀರೆ ಯಾವ ಬಣ್ಣ?"

ನಾನು ಬಾಯಿ ತೆರೆದೆ. ಬಣ್ಣ ಬರಲಿಲ್ಲ. ಬೆಳಗಿನಿಂದ ಅವಳ ಜೊತೆಗಿದ್ದೆ. ಕೆಂಪೋ, ಹಸಿರೋ, ಒಂದೂ ನೆನಪಿಲ್ಲ.

"ಎತ್ತರ?"

"ನನ್ ಭುಜಕ್ಕೆ... ಇಲ್ಲ, ಕಿವಿಗೆ ಬರ್ಬಹುದು."

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಏನಯ್ಯ, ಕಳೆದಿರೋದು ಹೆಂಡ್ತಿ ತಾನೆ? ಎಮ್ಮೆ ಕಳೆದಿದ್ರೆ ಸುಳಿ ಎಲ್ಲಿದೆ ಅಂತಾನೂ ಹೇಳ್ತಿದ್ದೆ."

ನಿಜ. ಹೇಳುತ್ತಿದ್ದೆ.

ಅವನ ಎದುರು ನಿಂತಾಗಲೇ ನನಗೆ ಹೊಳೆದದ್ದು. ಅವಳು ಎಲ್ಲೂ ಹೋಗಿರುವುದಿಲ್ಲ. ಕಾಡಿನ ಕಡೆಯವಳು. ತಪ್ಪಿಸಿಕೊಂಡರೆ ನಿಂತಲ್ಲೇ ನಿಲ್ಲುತ್ತಾಳೆ. ಆದರೆ ಕೂ ಹಾಕುವುದಿಲ್ಲ. ನಾನು ಬೇಡ ಅಂದಿದ್ದೇನೆ. ಒಂದು ಸಲ ಬೇಡ ಅನ್ನಿಸಿಕೊಂಡ ಮೇಲೆ ಅವಳು ಕತ್ತಲಾದರೂ ಬಾಯಿ ಬಿಡುವುದಿಲ್ಲ. ಹಾಗಾದರೆ ಯಾರು ಹಾಕಬೇಕು?

ಸುತ್ತ ನೋಡಿದೆ. ಇಸ್ತ್ರಿ ಮಾಡಿದ ಬಟ್ಟೆಯ ಜನ. ಮಡಿಕೆ ಬಿಚ್ಚದ ಸೀರೆಗಳು. ಒಂದು ಕಲ್ಲು ಬೆಂಚಿತ್ತು. ಹತ್ತಿದೆ. ಕೈಯನ್ನು ಬಾಯಿಗೆ ಅಡ್ಡ ಹಿಡಿದೆ, ಅವಳು ಹಿಡಿದ ಹಾಗೆ. ಹಾಕಿದೆ.

ಅದು ಕೂ ಆಗಲಿಲ್ಲ. ಗಂಟಲು ನಡುವೆ ಒಡೆಯಿತು. ಒಂದು ಮಗು ಅಳಲು ಶುರು ಮಾಡಿತು. ಬ್ಯಾಂಡಿನ ತುತ್ತೂರಿಯವನು ಊದುವುದು ಬಿಟ್ಟು ಈ ಕಡೆ ನೋಡಿದ. "ಏಯ್, ಇಳಿ ಕೆಳಗೆ!" ಅಂದ ಪೊಲೀಸಿನವನು. ನಾನು ಇಳಿಯಲಿಲ್ಲ. ಇನ್ನೊಂದು ಹಾಕಿದೆ. ಜನ ನಗುತ್ತಿದ್ದರು. ಬಸಣ್ಣನಂಥವರು ಎಲ್ಲ ಊರಲ್ಲೂ ಇರುತ್ತಾರೆ. ಪೊಲೀಸಿನವನು ನನ್ನ ಕಾಲು ಹಿಡಿದು ಎಳೆದ.

ಆಗ ಬಂತು. ದೂರದಿಂದ, ಮರಗಳ ಆ ಕಡೆಯಿಂದ. ಉದ್ದಕ್ಕೆ, ತುಂಬಿದ ದನಿ, ಎಲ್ಲೂ ಒಡೆಯದೆ.

"ಕೂ..."

ಪೊಲೀಸಿನವನು ಕಾಲು ಬಿಟ್ಟ.

ಅವಳು ಬಿದಿರು ಮೆಳೆಯ ಪಕ್ಕ ನಿಂತಿದ್ದಳು. ಬದನೆಕಾಯಿ ಬಣ್ಣದ ಸೀರೆ. ಹಳದಿ ಅಂಚು. ಎತ್ತರ ನನ್ನ ಕಿವಿಗಿಂತ ಸ್ವಲ್ಪ ಕೆಳಗೆ. ಎಲ್ಲ ನೋಡಿಕೊಂಡೆ. ನನಗೆ ಏದುಸಿರು. ಅವಳೇ ಹೇಳಿದಳು.

"ಇಷ್ಟು ಬಿದಿರು ಉಂಟು. ಮಳೆ ಬಿದ್ರೆ ಕಳಲೆ ಎಷ್ಟು ಏಳ್ತದೆ! ಇಲ್ಲಿ ಯಾರೂ ಪಲ್ಯ ಮಾಡೂದಿಲ್ವಾ ಅಂತ ನೋಡ್ತಾ ನಿಂತೆ. ತಿರುಗಿದ್ರೆ ನೀವಿಲ್ಲ."

"ಕೂ ಹಾಕಬಾರ್ದಿತ್ತೇನ?"

"ಬ್ಯಾಡ ಅಂದವರು ಯಾರು?"

ಅವಳ ಕಣ್ಣು ಒದ್ದೆಯಾಗಿತ್ತು, ಹೆದರಿದ್ದಳು. ಆದರೂ ಬಾಯಿಯ ತುದಿ ಅಲುಗುತ್ತಿತ್ತು.

"ಮೊದಲ್ನೇದು ಕೇಳಿ ಯಾವುದೋ ಕೋಣ ಹೊಂಡಕ್ಕೆ ಬಿತ್ತು ಅಂದುಕೊಂಡೆ. ಎರಡನೇದಕ್ಕೆ ಗೊತ್ತಾಯ್ತು, ನೀವೇ ಅಂತ. ಎದೆಯಿಂದ ಎಳೀಬೇಕು. ಗಂಟಲಿಂದ ಅಲ್ಲ."

ಪೊಲೀಸಿನವನು ಹಿಂದೆಯೇ ಬಂದಿದ್ದ. "ಏನಮ್ಮ, ಇದು ನಿಮ್ಮೂರಿನ ಕಾಡಾ?" ಅಂದ. ಬೈಯಲು ಬಂದವನು, ಮೀಸೆಯ ಕೆಳಗೆ ನಗುತ್ತಿದ್ದ.

"ಅಲ್ಲ ಸ್ವಾಮಿ, ಕಾಡಲ್ಲಿ ಇಷ್ಟು ಜನ ಇರೂದಿಲ್ಲ. ಅಲ್ಲಿ ತಪ್ಪಿಸ್ಕಂಡ್ರೂ ಬೇಗ ಸಿಗ್ತಾರೆ" ಅಂದಳು ರೇಣುಕಾ.

ಬ್ಯಾಂಡು ಮುಗಿಯುವ ತನಕ ನಿಂತು ಕೇಳಿದೆವು. ಛತ್ರದ ತನಕ ಅಕ್ಕಪಕ್ಕ ನಡೆದೆವು. ನನ್ನ ಕಾಲು ಆಗಾಗ ಮುಂದೆ ಹೋಗುತ್ತಿತ್ತು. ಹೋದಾಗೆಲ್ಲ ಅವಳು ಮೆಲ್ಲಗೆ, ನನಗೆ ಮಾತ್ರ ಕೇಳುವ ಹಾಗೆ, "ಕೂ" ಅನ್ನುತ್ತಿದ್ದಳು. ದಾರಿಯುದ್ದ ಮಾತಾಡಿದಳು. ನಾಲ್ಕು ತಿಂಗಳ ಮಾತು. ರಾತ್ರಿ ಮಾವ ಕೇಳಿದ, "ಎಷ್ಟು ಖರ್ಚಾತು ಇವತ್ತು?" ಏನೂ ಆಗಿರಲಿಲ್ಲ.

ಊರಿಗೆ ಬಂದೆವು. ಮುಂಗಾರು ಹಿಡಿಯಿತು. ಬಿತ್ತನೆ ಆಯಿತು. ಮನೆಯಲ್ಲಿ ಅವಳು ಮತ್ತೆ ಬಾಯಿ ಮುಚ್ಚಿದಳು. ಅವ್ವ ಹಾಗೇ ಇದ್ದಳು, ಬಸಣ್ಣ ಹಾಗೇ ಇದ್ದ. ಬೆಂಗಳೂರಿನಲ್ಲಿ ಆದದ್ದು ಬೆಂಗಳೂರಿನಲ್ಲೇ ಉಳಿಯಿತೇನೋ ಅಂತ ನನಗೆ ಹೆದರಿಕೆ. ಆಷಾಢದ ಹಿಂದಿನ ದಿನ ಅವಳ ಅಣ್ಣ ಕರೆಯಲು ಬಂದ. ಶಿರಾಳಕೊಪ್ಪದ ತನಕ ಹೋಗಿ ಸೊರಬದ ಬಸ್ಸು ಹತ್ತಿಸಿದೆ. ಅಣ್ಣ ಗಂಟು ಮೇಲಕ್ಕೆ ಹಾಕಲು ಹೋದಾಗ ಕಿಟಕಿಯ ಹತ್ತಿರ ನಿಂತು ಕೇಳಿದೆ.

"ಬರ್ತೀಯಲ್ಲ?"

ಅವಳು ಹೊರಗೆ ನೋಡುತ್ತ ಹೇಳಿದಳು. "ಬಂದ್ರೆ ಹೊಲದ ತುದೀಲಿ ನಿಂತು ಕೂ ಹಾಕ್ತೀನಿ. ಎಲ್ಲರೂ ಇರ್ತಾರೆ. ನೀವು ತಿರುಗಿ ಹಾಕದಿದ್ರೆ ಅಲ್ಲಿಂದಲೇ ವಾಪಸ್."

ಬಸ್ಸು ಹೋಯಿತು. ಭರಣಿ ಮನೆಯಲ್ಲೇ ಬಿಟ್ಟಿದ್ದಳು. ಅದೊಂದೇ ನನಗೆ ಧೈರ್ಯ. ಅದರಲ್ಲಿ ಇನ್ನೂ ಹತ್ತಿಪ್ಪತ್ತು ಮಿಡಿ ಇದ್ದವು. ಆಷಾಢದ ಮಳೆಯಲ್ಲಿ ಅವ್ವ ದಿನಾ ರೊಟ್ಟಿಗೆ ಒಂದೊಂದು ತೆಗೆಯುತ್ತಿದ್ದಳು. ಹುಳಿ ಅಂತ ಮುಖ ಕಿವುಚುತ್ತಿದ್ದಳು, ಮತ್ತೆ ತೆಗೆಯುತ್ತಿದ್ದಳು. ಒಂದು ದಿನ ಕೈ ಹಾಕಿದರೆ ಬರೀ ರಸ ಸಿಕ್ಕಿತು. ಭರಣಿ ಬಗ್ಗಿಸಿ ನೋಡಿ, "ಮನಿ ಬಣಬಣ ಅನ್ನಾಕ ಹತ್ತೈತಿ" ಅಂದಳು. ಮಿಡಿಯ ಬಗ್ಗೆ ಹೇಳಿದಳೋ ಇನ್ನು ಯಾವುದರ ಬಗ್ಗೆಯೋ ನಾನು ಕೇಳಲಿಲ್ಲ.

ಶ್ರಾವಣ ಬಂತು. ಒಂದು ದಿನ ಮಧ್ಯಾಹ್ನ ಮಳೆ ಬಿಟ್ಟಿತ್ತು. ಕಳೆ ತೆಗೆಯಲು ಊರಿನ ಅರ್ಧ ಹೆಂಗಸರು ನಮ್ಮ ಹೊಲದಲ್ಲೇ ಇದ್ದರು. ಬಸಣ್ಣ ಎತ್ತು ಕಟ್ಟಿ ಸಾಲುಗಳ ನಡುವೆ ಎಡೆಕುಂಟೆ ಹೊಡೆಯುತ್ತಿದ್ದ. ಅವ್ವ ನನ್ನ ಪಕ್ಕದ ಸಾಲಿನಲ್ಲಿ ಬಗ್ಗಿದ್ದಳು. ಆಗ ಆ ತುದಿಯ ಬದುವಿನಿಂದ ಬಂತು.

"ಕೂ..."

ಹೆಂಗಸರೆಲ್ಲ ಸೊಂಟ ನೆಟ್ಟಗೆ ಮಾಡಿದರು. ಬಸಣ್ಣ ಎತ್ತು ನಿಲ್ಲಿಸಿದ. "ಬಂತಲೇ ಹಾಲೇಶ, ನಿನ್ನ ನರಿ!" ಎಲ್ಲರೂ ನಕ್ಕು ನನ್ನ ಕಡೆ ನೋಡಿದರು. ನಾನು ಅವ್ವನ ಕಡೆ ನೋಡಲಿಲ್ಲ. ನೋಡಿದ್ದರೆ ಆಗುತ್ತಿರಲಿಲ್ಲ. ಕೆಸರಿನ ಕೈಯನ್ನೇ ಬಾಯಿಗೆ ಅಡ್ಡ ಹಿಡಿದೆ. ಎದೆಯಿಂದ ಎಳೆದೆ ಅಂದುಕೊಂಡೆ, ಮತ್ತೆ ಒಡೆಯಿತು. ಗಾಳಿ ಆ ಕಡೆಯಿಂದ ಬೀಸುತ್ತಿತ್ತು. ತುದಿಯಲ್ಲಿದ್ದವಳು ಅಲುಗಲಿಲ್ಲ, ನಿಂತೇ ಇದ್ದಳು.

ಪಕ್ಕದ ಸಾಲಿನಿಂದ ಅವ್ವ ತಲೆ ಎತ್ತದೆ, ಒಂದು ಹಿಡಿ ಕಳೆ ಕಿತ್ತು ಬದುವಿಗೆ ಎಸೆಯುತ್ತ ಅಂದಳು.

"ಜೋರಾಗಿ ಹಾಕಲೇ. ಅಷ್ಟು ದೂರ ಅಕಿಗೆ ಕೇಳಬ್ಯಾಡೇನು?"

ಹಾಕಿದೆ. ಬದುವಿನ ಮೇಲೆ ಬದನೆಕಾಯಿ ಬಣ್ಣದ ಸೀರೆ ನಮ್ಮ ಕಡೆ ಹೊರಟಿತು.